ಕುಂಟು ಗಾಲಿಯ ಕಡ್ಡಿಗಳು

ಸರ್ಕಸ್ಸಿನ ಜೋಕರನ ಸೈಕಲ್ಲುಗಳನ್ನು ನೀವು ಗ್ಯಾಲರಿಯ ಹಲಗೆಯ ಮೇಲೆ ಕುಳಿತು ನೋಡಿರುತ್ತೀರಿ, ನಕ್ಕಿರುತ್ತೀರಿ. ನಾನು ಅವನ್ನು ತಲೆಕೆಳಗೆ ನಿಲ್ಲಿಸಿ, ಚೈನು ಬಿಚ್ಚಿ, ಒಳಗೇನಿದೆ ಎಂದು ನೋಡಿದವನು. ಆದ್ದರಿಂದ ಹೇಳುತ್ತೇನೆ: ನೆಟ್ಟಗಿನ ಸೈಕಲ್ಲು ಮಾಡುವುದು ಸುಲಭ. ಬೇಕಂತಲೇ ಕೆಟ್ಟ ಸೈಕಲ್ಲು ಮಾಡುವುದು, ಅದೂ ದಿನಾಲೂ ಒಂದೇ ತೆರನಾಗಿ ಕೆಡುವಂತೆ ಮಾಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಆಗ ನಿಜಾಮರ ಕಾಲ. ವಾಡಿ ಸ್ಟೇಶನ್ನಿನ ಹೊರಗೆ, ಟಾಂಗಾ ನಿಲ್ಲುವ ಬೇವಿನ ಗಿಡದ ಎದುರು ನನ್ನ ಸೈಕಲ್ ಅಂಗಡಿ. ಬಾಡಿಗೆಗೂ ಕೊಡುತ್ತಿದ್ದೆ, ರಿಪೇರಿಯೂ ಮಾಡಿಸುತ್ತಿದ್ದೆ. ಅಂಗಡಿ ನನಗೆ ಯಾರೂ ಹಾಕಿಕೊಟ್ಟಿದ್ದಲ್ಲ. ಶಹಾಬಾದದ ಖಣಿಯಲ್ಲಿ ಫರಸಿ ಕಲ್ಲು ಹೊತ್ತ ಹೆಗಲು ನನ್ನದು. ಒಬ್ಬ ರೈಲ್ವೆ ಗಾರ್ಡ್ ಸಾಹೇಬರ ಮನೆಯ ಹಿತ್ತಲಲ್ಲಿ ಮುರಿದ ಸೈಕಲ್ಲೊಂದು ಮಳೆಗೆ ನೆನೆಯುತ್ತ ಬಿದ್ದಿತ್ತು. ನಿಮ್ಮ ಪಡಸಾಲೆಗೆ ಫರಸಿ ಹಾಸಿಕೊಡುತ್ತೇನೆ, ಕೂಲಿ ಬೇಡ, ಆ ತುಕ್ಕು ಕೊಡಿರಿ ಸಾಕು ಎಂದೆ. ಸಾಹೇಬರು ನನ್ನನ್ನು ಅರೆಹುಚ್ಚನೆಂದು ತಿಳಿದು ಕೊಟ್ಟರು. ಅದೇ ನನ್ನ ಮೊದಲ ಬಾಡಿಗೆ ಸೈಕಲ್ಲು. ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಎದುರಿನವನಿಗೆ ಬೇಡವಾದದ್ದು ಯಾವುದೆಂದು ನೋಡಿರಿ. ಅವನಿಗೆ ಬೇಕಾದದ್ದನ್ನೇ ಕೇಳಿದರೆ ಅವನು ಜಗ್ಗುತ್ತಾನೆ.

ಆ ತುಕ್ಕಿಗೆ ಜೀವ ಕೊಟ್ಟವರು ನನ್ನ ಅಕ್ಕನ ಗಂಡ, ನಮ್ಮ ಭಾವ. ಎಂಜಿನ್ ಶೆಡ್ಡಿನಲ್ಲಿ ಫಿಟ್ಟರಾಗಿದ್ದವರು, ಅದನ್ನು ಬಿಟ್ಟು ನನ್ನ ಜೊತೆ ಕೂಡಿದರು. ಗಾಲಿ ಹೆಣೆಯುವುದರಲ್ಲಿ ಅವರ ಕೈಗೆ ಸರಿಗಟ್ಟುವವರು ಚಿತ್ತಾಪುರ, ಸೇಡಂ, ಶಹಾಬಾದ ಎಲ್ಲಿಯೂ ಇರಲಿಲ್ಲ. ಸೊಟ್ಟ ಗಾಲಿ ಕಂಡರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಬೀಗರ ಮನೆಗೆ ಊಟಕ್ಕೆ ಹೋದಾಗಲೂ ಹೊರಗೆ ನಿಂತ ಸೈಕಲ್ಲುಗಳ ಗಾಲಿ ತಿರುಗಿಸಿ ನೋಡಿ, ಜೇಬಿನಿಂದ ಕಡ್ಡಿ ಬಿಗಿಯುವ ಚಾವಿ ತೆಗೆದು, ಕರೆಯುವವರು ಕರೆಕರೆದು ಸಾಕಾಗುವವರೆಗೆ ತಿದ್ದುತ್ತ ಕೂಡುತ್ತಿದ್ದರು.

ಗಾಲಿಯಿಂದ ಬಿಚ್ಚಿದ ಹಳೆಯ ಕಡ್ಡಿಗಳನ್ನು ನಾವು ಎಸೆಯುತ್ತಿರಲಿಲ್ಲ, ಮಾರುತ್ತಲೂ ಇರಲಿಲ್ಲ. ಅಂಗಡಿಯ ಬಾಗಿಲಿಗೆ ಒಂದು ತಗಡಿನ ಡಬ್ಬಿ ಇಟ್ಟಿದ್ದೆವು. ಬೇಕಾದವರು ಬಂದು ಆರಿಸಿಕೊಂಡು ಹೋಗಬಹುದು. ಸ್ಟೇಶನ್ ಗೇಟಿನ ಕಬಾಬಿನ ಚಾಚಾ ಖೀಮಾ ಸುಡಲು ಒಯ್ಯುತ್ತಿದ್ದರು. ಹೂವಿನಾಕೆ ಚೆಂಡು ಹೂ ಪೋಣಿಸಲು ಒಯ್ಯುತ್ತಿದ್ದಳು. ಕುರಿಹಟ್ಟಿಯ ಮುದುಕಿಯರು ಉಣ್ಣೆ ನೂಲುವ ಕದಿರಿಗೆ ಒಯ್ಯುತ್ತಿದ್ದರು. ಪುಕ್ಕಟೆ ಕೊಡುವುದನ್ನು ದಾನವೆಂದು ತಿಳಿಯಬೇಡಿರಿ. ಇಂದು ಕಡ್ಡಿ ಒಯ್ದವರ ಮನೆಯ ಗಂಡಸರು ನಾಳೆ ಪಂಚರ್ ಹಾಕಿಸಲು ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಆ ಚಳಿಗಾಲ ಶಹಾಬಾದದಲ್ಲಿ ಒಂದು ಸರ್ಕಸ್ ಕಂಪನಿ ತಂಬೂ ಹಾಕಿತು. ಖಣಿಯ ಮಂದಿ, ಸಿಮೆಂಟ್ ಕಾರ್ಖಾನೆಯ ಮಂದಿ ಮುಗಿಬಿದ್ದು ಹೋದರು. ನಾನೂ ಹೋದೆ. ಭಾವ ಬರಲಿಲ್ಲ, ಆನೆ ಸ್ಟೂಲಿನ ಮೇಲೆ ಕುಂತರೆ ನನಗೇನು ಬಂತು ಎಂದರು. ಹುಲಿ, ಆನೆಗಳನ್ನು ನಾನು ಮರೆತಿದ್ದೇನೆ. ಜೋಕರನ ಸೈಕಲ್ಲುಗಳನ್ನು ಮರೆತಿಲ್ಲ. ಒಂದು ಏಣಿ ಹತ್ತಿ ಕೂಡಬೇಕಾದಷ್ಟು ಎತ್ತರ. ಇನ್ನೊಂದು ಎಷ್ಟು ಗಿಡ್ಡವೆಂದರೆ ಮೊಣಕಾಲು ಕಿವಿಗೆ ತಾಗುತ್ತಿತ್ತು. ಮತ್ತೊಂದು ನಡುವೆ ಮುರಿದು ಎರಡಾಗಿ, ಮುಂದಿನ ಗಾಲಿ ಒಂದು ಕಡೆ ಓಡಿದರೆ ಹಿಂದಿನ ಗಾಲಿಯ ಮೇಲೆ ಜೋಕರ ಇನ್ನೊಂದು ಕಡೆ ಓಡುತ್ತಿದ್ದ. ಎಲ್ಲದರ ಕೊನೆಗೆ ಬರುತ್ತಿದ್ದದ್ದು ಕುಂಟು ಸೈಕಲ್ಲು. ನೋಡಲು ಸಾದಾ ಸೈಕಲ್ಲು. ಆದರೆ ಹಿಂದಿನ ಗಾಲಿಯ ಕಡ್ಡಿಗಳೆಲ್ಲ ಬಂದು ಸೇರುವ ಹಬ್ ನಟ್ಟನಡುವೆ ಇರಲಿಲ್ಲ, ಒಂದು ಪಕ್ಕಕ್ಕೆ ಸರಿದಿತ್ತು. ಹಾಗಾಗಿ ಗಾಲಿ ಒಮ್ಮೆ ಸುತ್ತಿದರೆ ಸೀಟು ಒಮ್ಮೆ ಮೇಲೆ ಏಳುತ್ತಿತ್ತು, ಒಮ್ಮೆ ಕುಸಿಯುತ್ತಿತ್ತು. ಏಳುವಾಗ ಅವನ ಟೊಪ್ಪಿಗೆ ಹಾರುತ್ತಿತ್ತು, ಕುಸಿಯುವಾಗ ತಲೆಯ ಮೇಲೆ ಬಂದು ಕೂಡುತ್ತಿತ್ತು. ಕಡೆಗೊಮ್ಮೆ ಟೊಪ್ಪಿಗೆ ಕೂಡುತ್ತಿತ್ತು, ಅವನು ಬೀಳುತ್ತಿದ್ದ. ನನ್ನ ಪಕ್ಕದ ಖಣಿ ಕೆಲಸದವನು ನಕ್ಕು ನಕ್ಕು ನನ್ನ ತೊಡೆಯನ್ನೇ ಬಡಿದಿದ್ದ.

ಶಹಾಬಾದದ ಆಟ ಮುಗಿಸಿ ಕಂಪನಿ ಸೇಡಂಗೆ ಹೊರಟಿತು. ಸೇಡಂ ಕಡೆಯ ಗಾಡಿಗೆ ಜೋಡಿಸುವವರೆಗೆ ಅವರ ವ್ಯಾಗನ್ನುಗಳು ವಾಡಿಯ ಸೈಡಿಂಗಿನಲ್ಲಿ ನಿಂತವು. ನಾನು ಆ ದಿನ ಹಳೇ ಟಾಯರುಗಳ ವ್ಯಾಪಾರಕ್ಕೆ ಚಿತ್ತಾಪುರಕ್ಕೆ ಹೋಗಿದ್ದೆ. ಮರುದಿನ ಮುಂಜಾನೆ ಗಾಡಿ ಇಳಿದು ಬಂದರೆ ಭಾವ ಅಂಗಡಿಯ ಮುಂದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಮಗಳ ಮದುವೆ ಮುಗಿಸಿದವರ ಸಮಾಧಾನ ಮುಖದ ಮೇಲೆ.

"ಬಾ ತಮ್ಮಾ, ಇಲ್ಲಿ ನೋಡು. ನಿನ್ನೆ ಸಂಜೀಕ ಸರ್ಕಸ್ಸಿನವ ಒಬ್ಬ ಬಂದಿದ್ದ. ಪೆಡ್ಲು ಅಳ್ಳಾಡತದ ಅಂತ ಬಿಟ್ಟು ಹೋಗ್ಯಾನ. ಪೆಡ್ಲು ಇರ್ಲಿ, ಹಿಂದಿನ ಗಾಲಿ ನೋಡಿದ್ರ ನೀ ಅತ್ತುಬಿಡ್ತಿದ್ದಿ. ಯಾವ ಪುಣ್ಯಾತ್ಮ ಹೆಣೆದಿದ್ದನೋ! ಹಬ್ ನಡುವ ಇಲ್ಲೇ ಇಲ್ಲ. ಒಂದು ಕಡ್ಡಿ ಉದ್ದ, ಒಂದು ಗಿಡ್ಡ. ಎಲ್ಲಾ ಕಿತ್ತು ಹೊಸಾ ಕಡ್ಡಿ ಹಾಕೀನಿ. ಈಗ ನೋಡು."

ಭಾವ ಗಾಲಿ ತಿರುಗಿಸಿದರು. ಅದು ಎಣ್ಣೆಯ ಮೇಲೆ ಜಾರಿದ ಹಾಗೆ ಸುತ್ತಿತು. 

"ಭಾವಾ, ಇದು ಜೋಕರನ ಸೈಕಲ್ ಅಲ್ಲೇನ್ರಿ?"

"ಜೋಕರ್ ಇದ್ರೇನಾತು? ಅವಾ ಮನಷ್ಯಾ ಅಲ್ಲ? ಅವನ ಕುಂಡಿ ನೋಯಂಗಿಲ್ಲೇನು?"

ನಾನು ಕುಂಟು ಸೈಕಲ್ಲಿನ ಕತೆ ಹೇಳಿ ಮುಗಿಸುವ ಮೊದಲೇ ಜೋಕರ ಬಂದ. ಅಥಣಿ ಕಡೆಯವನು, ನಡುವಯಸ್ಸಿನವನು. ಬಣ್ಣವಿಲ್ಲದ ಮುಖ ಶಾಲೆಯ ಮಾಸ್ತರರ ಮುಖದಂತಿತ್ತು. ಸೈಕಲ್ಲು ಏರಿ ಬೇವಿನ ಗಿಡಕ್ಕೆ ಒಂದು ಸುತ್ತು ಹಾಕಿದ. ಸೀಟು ಏಳಲಿಲ್ಲ, ಕುಸಿಯಲಿಲ್ಲ. ಇಳಿದ. ಸೈಕಲ್ಲನ್ನು ಗೋಡೆಗೆ ಮೆಲ್ಲಗೆ ಆನಿಸಿ, ಕಟ್ಟೆಯ ಮೇಲೆ ಕುಳಿತ.

"ಗಾಲಿ ಯಾರು ಮುಟ್ಟಿದ್ರಿ?" ಎಂದ.

"ನಾನೇ," ಎಂದರು ಭಾವ. ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು. "ಅದಕ್ಕ ನಾವೇನೂ ತಗೊಳ್ಳಂಗಿಲ್ಲ. ಚಿಂತಿ ಮಾಡಬ್ಯಾಡ್ರಿ."

ಬೈಯುತ್ತಾನೆಂದು ನಾನು ಕಾದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು; ಬೈಯುವ ಗಿರಾಕಿಯನ್ನು ಸಂಭಾಳಿಸುವುದು ನನಗೆ ಗೊತ್ತು.

"ಮಾಲಕ್ರ," ಎಂದ ಅವನು ನನ್ನ ಕಡೆ ತಿರುಗಿ, "ನಾಳೆ ಸೇಡಮದಾಗ ಮೊದಲನೇ ಆಟ ಐತಿ. ಶಹಾಬಾದದಾಗ ಕಡೀಕಡೀಗೆ ಮಂದಿ ಕಮ್ಮಿ ಆದ್ರು. ನಮ್ಮ ಸೇಠನ ಸಿಟ್ಟೆಲ್ಲಾ ನನ್ನ ಮ್ಯಾಲೆ. ಸೇಡಮದಾಗ ನಗಿ ಬರಲಿಲ್ಲಂದ್ರ ನಿನ್ನ ಆಟ ಬಂದ್, ತಂಬೂ ಕಂಬ ಎತ್ತೋ ಮಂದ್ಯಾಗ ಸೇರ್ಕೋ ಅಂದಾನ. ಇಷ್ಟು ವರ್ಷ ಬಿದ್ದು ಬಿದ್ದು ಬೆನ್ನು ಹೋಗೇತ್ರಿ. ಈ ಬೆನ್ನು ಕಂಬ ಎತ್ತತೈತೇನು? ಎತ್ತಲಿಲ್ಲಂದ್ರ ಬಿಟ್ಟು ಹೋಗು ಅಂತಾರ. ಎಲ್ಲಿಗೆ ಹೋಗ್ಲಿ?"

"ಗಾಲಿ ಮಾಡಿಕೊಟ್ಟವರು ಎಲ್ಲಿದಾರ?" ಎಂದೆ.

"ಮಿರಜದಾಗಿದ್ದ. ಸತ್ತು ಭಾಳ ವರ್ಷ ಆತು."

"ಅಳತಿ?"

"ಅಳತಿ ನನ್ನ ಸೊಂಟದಾಗ ಐತ್ರಿ. ಎಲ್ಲಿ ಏಳತೈತಿ, ಎಲ್ಲಿ ಕೂಡತೈತಿ ಸೊಂಟಕ್ಕ ಗೊತ್ತು. ಬಾಯಿಲೆ ಹೇಳಾಕ ಬರಂಗಿಲ್ಲ."

ಬಾಗಿಲಿನ ಡಬ್ಬಿ ನೋಡಿದೆ. ಖಾಲಿ. ಭಾವ ಕಿತ್ತು ಹಾಕಿದ ಕಡ್ಡಿಗಳನ್ನು ನಿನ್ನೆ ಸಂಜೆ, ಇಂದು ಮುಂಜಾನೆ ಮಂದಿ ಆರಿಸಿಕೊಂಡು ಹೋಗಿದ್ದರು. ವ್ಯಾಗನ್ನುಗಳನ್ನು ಇಳಿಹೊತ್ತಿನ ಪ್ಯಾಸೆಂಜರಿಗೆ ಜೋಡಿಸುತ್ತಾರೆಂದು ಸ್ಟೇಶನ್ನಿನಲ್ಲಿ ಕೇಳಿದ್ದೆ. ಅಷ್ಟರೊಳಗೆ ಈ ಗಾಲಿ ಮತ್ತೆ ಕುಂಟಬೇಕು. ಅಂಗಡಿಯ ಹೆಸರು ಹೇಗೂ ಇರಲಿ, ನಮ್ಮ ಕೈಯಿಂದ ಒಬ್ಬ ಮನುಷ್ಯನ ಅನ್ನ ಹೋಗಬಾರದು ಎಂದು ನಾನು ಗಟ್ಟಿ ಮಾಡಿಕೊಂಡೆ. ಟಾಯರಿನ ಗಂಟು ಬಿಚ್ಚದೆಯೇ ಒಳಗೆ ಒಗೆದು, ಬದಲಿ ಕೊಡಲು ಒಂದು ಕಟ್ಟು ಕಡ್ಡಿ ಹಿಡಿದು, ಇಬ್ಬರನ್ನೂ ಎಬ್ಬಿಸಿಕೊಂಡು ಹೊರಟೆ.

ದಾರಿಯಲ್ಲಿ ಭಾವನಿಗೆ ಹೇಳಿದೆ: "ನೀವು ಬಾಯಿ ತೆರೀಬ್ಯಾಡ್ರಿ. ನಾ ಮಾತಾಡ್ತೀನಿ." ಬೇಕು ಎನ್ನುವುದು ಮುಖದ ಮೇಲೆ ಕಂಡರೆ ವ್ಯಾಪಾರ ಅರ್ಧ ಕೆಟ್ಟಂತೆ. ಸಂತೆಗೆ ಹೋದಾಗ ನಿಮಗೆ ಬೇಕಾದ ವಸ್ತುವನ್ನು ಕಡೆಗೆ ಮುಟ್ಟಿರಿ. ಮೊದಲು ಬೇರೆ ಮೂರು ವಸ್ತುಗಳಿಗೆ ಹೆಸರಿಡಿರಿ, ಕೊರತೆ ಎಣಿಸಿರಿ.

ಕಬಾಬಿನ ಚಾಚಾ ಗೇಟಿನ ಪಕ್ಕ ಕೆಂಡದ ಸಿಗಡಿ ಹಚ್ಚಿಕೊಂಡು ಕುಳಿತಿದ್ದರು. ಮಧ್ಯಾಹ್ನದ ಮೇಲ್ ಗಾಡಿಗೆ ಅವರ ವ್ಯಾಪಾರ ಜೋರು. ನಮ್ಮ ಕಡ್ಡಿಗಳಿಗೆ ಆಗಲೇ ಖೀಮಾ ಏರಿತ್ತು.

"ಸಲಾಂ ಚಾಚಾ, ವ್ಯಾಪಾರ ಹ್ಯಾಂಗದ?"

"ಏನ್ ಕೇಳ್ತಿ ಬೇಟಾ! ಎಂಥಾ ಕಡ್ಡಿ ಇಟ್ಟಿದ್ರಿ ನಿನ್ನೆ? ಒಂದು ಹೊರಗ ಚಾಚತದ, ಒಂದು ಕೆಂಡದಾಗ ಬೀಳತದ. ಮುಂಜಾನಿಯಿಂದ ಬೂದಿ ತಿನ್ನಸ್ಲಿಕತ್ತೀನಿ ಮಂದಿಗೆ."

"ಅದಕ್ಕೇ ಬಂದೀನಿ. ಅವು ಕೆಟ್ಟ ಕಡ್ಡಿ. ವಾಪಸ್ ಕೊಡ್ರಿ, ಎಲ್ಲಾ ಒಂದೇ ಉದ್ದಂದು ತಂದೀನಿ."

ಚಾಚಾನ ಕೈ ಮುಂದೆ ಬಂತು. ಕೆಲಸ ಆಗಿಯೇ ಹೋಗಿತ್ತು. ಆಗ ಭಾವ ಬಾಯಿ ತೆರೆದರು.

"ಲಗೂ ಕೊಡ್ರಿ ಚಾಚಾ, ಪಾಪ, ಈ ಮನಷ್ಯಾಂದು ನೌಕ್ರಿ ಹೋಗ್ಲಿಕತ್ತದ. ಸಂಜೀ ಗಾಡಿಗೆ ಹೋಗಬೇಕು ಅವ."

ಚಾಚಾನ ಕೈ ಹಿಂದೆ ಹೋಯಿತು. "ಅಚ್ಛಾ? ಹೊಸಾ ಕಡ್ಡಿ ಬ್ಯಾಡಪ್ಪಾ ನನಗ. ಇವಕ್ಕೇ ಕೈ ರೂಢಿ ಆಗ್ಯದ."

"ಈಗರೇ ಬೂದಿ ಅಂದ್ರಿ!"

"ಬೂದೀನೂ ರೂಢಿ ಆಗ್ಯದ ಮಂದಿಗೆ," ಎಂದರು ಚಾಚಾ, ನಗಲಿಲ್ಲ. "ಶುಕ್ರವಾರ ಶುಕ್ರವಾರ ನಮಾಜಿಗೆ ಹೋಗ್ಲಿಕ್ಕ ಒಂದು ಸೈಕಲ್ ಬೇಕು. ಬಾಡಿಗಿ ಕೇಳಬಾರದು."

"ಶುಕ್ರವಾರ ಭಾಳ ಗಿರಾಕಿ ಇರ್ತಾರ. ಸೋಮವಾರ ಒಯ್ರಿ."

"ಸೋಮವಾರ ಯಾವ ನಮಾಜದಪ್ಪಾ? ನೀ ಕಲಿಸ್ತಿ ಏನು?"

ಹೀಗೆ ಎಳೆದಾಡಿದೆವು. ಅವರು ಬದುಕಿರುವ ತನಕ ಎಂದರು, ನಾನು ಮುಂದಿನ ಶುಕ್ರವಾರ ಒಂದೇ ಎಂದೆ. ಕೊನೆಗೆ ರಮಜಾನ್ ತನಕ ಎಂಬಲ್ಲಿಗೆ ನಿಂತಿತು. ಚಾಚಾ ಖೀಮಾವನ್ನು ಹೊಸ ಕಡ್ಡಿಗಳಿಗೆ ದಾಟಿಸಿ, ಜಿಡ್ಡು ಸೋರುವ ಬಿಸಿ ಕಡ್ಡಿಗಳನ್ನು ಜೋಕರನ ಟೊಪ್ಪಿಗೆಯಲ್ಲಿ ಸುರಿದರು. ನಾವು ಹೊರಡುವಾಗ ಮೆಲ್ಲಗೆ, "ನಿಮ್ಮ ಭಾವನ್ನ ಪ್ರತೀ ಸಲ ಕರಕೊಂಡು ಬಾ ಬೇಟಾ," ಎಂದರು.

ಹೂವಿನಾಕೆಯ ಹತ್ತಿರ ನನ್ನ ಜಾಣತನ ನಡೆಯಲಿಲ್ಲ. ಮಂಡಿಯ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಕೊಟ್ಟಿದ್ದು ತಿರುಗಿ ಕೇಳೋದು ಯಾವ ಊರಿನ ರೀತಿಯೋ ಯಪ್ಪಾ? ನಿಮ್ಮವ್ವ ಇದೇ ಕಲಿಸ್ಯಾಳೇನು?"

"ಬದಲಿ ಕೊಡ್ತೀನಿ ಯಕ್ಕಾ..."

"ನಿನ್ನ ಬದಲಿ ನೀನೇ ಇಟ್ಕೋ." ಆಮೇಲೆ ನನ್ನ ಹಿಂದೆ ನಿಂತವನ ಕಡೆ ಗದ್ದ ಎತ್ತಿದಳು. "ಇವ ಯಾರು, ಮಾರಿ ಸಣ್ಣ ಮಾಡ್ಕೊಂಡು ನಿಂತಾನ?"

"ಸರ್ಕಸ್ಸಿನ ಜೋಕರ್."

"ಇವ ಮಂದೀನ ನಗಸ್ತಾನ? ಇವನ್ನ ನೋಡಿದ್ರ ನನಗೇ ಅಳು ಬರತದ!" ಎಂದವಳೇ ಕಡ್ಡಿಗಳನ್ನು ಹೂವಿನಿಂದ ಹಿರಿದು, ನನ್ನ ಕೈಗೆ ಕೊಡದೆ, ಎದ್ದು ಹೋಗಿ ಅವನ ಕೈಗೆ ಕೊಟ್ಟಳು. ಜೋಕರ ಅವನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ನಾನು ಬದಲಿ ಕಡ್ಡಿಗಳನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲಿಂದ ಸರಿದೆ. ಕೆಲವು ಕಡೆ ವ್ಯಾಪಾರ ಮಾಡದೆ ಇರುವುದೇ ವ್ಯಾಪಾರ. ಆದರೆ ಯಾವ ಕಡೆ ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ನನಗೂ ಇನ್ನೂ ಬಂದಿಲ್ಲ.

ಅಂಗಡಿಗೆ ಬಂದು ಫರಸಿಯ ನೆಲದ ಮೇಲೆ ಕಡ್ಡಿಗಳನ್ನು ಉದ್ದದ ಪ್ರಕಾರ ಹರವಿದೆವು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿದ್ದವು. ಉಳಿದವು ಯಾರ ಮನೆಯ ಯಾವ ಮೂಲೆ ಸೇರಿದ್ದವೋ. ಜೋಕರ ಹಣೆಗೆ ಕೈ ಹಚ್ಚಿ ಕುಳಿತ. ನಾನು ಹರವಿದ ಕಡ್ಡಿಗಳನ್ನೇ ನೋಡುತ್ತಿದ್ದೆ. ಒಂದೇ ಉದ್ದದವು ಎರಡೆರಡು ಇದ್ದವು. ಗಿಡ್ಡದ್ದಕ್ಕೊಂದು ಸರಿಜೋಡಿ, ಅದಕ್ಕಿಂತ ಉದ್ದದ್ದಕ್ಕೊಂದು ಸರಿಜೋಡಿ.

"ಭಾವಾ, ಹಬ್ ಒಂದು ಬಾಜೂಕ ಸರಿದ್ರ, ಎಡಕ್ಕ ಎಷ್ಟು ಉದ್ದದ ಕಡ್ಡಿ ಬೇಕೋ ಬಲಕ್ಕೂ ಅಷ್ಟೇ ಬೇಕಲ್ಲ?"

ಭಾವ ಬಗ್ಗಿದರು. ಕಡ್ಡಿ ಎತ್ತಿದರು, ಇಟ್ಟರು, ಜೋಡಿ ಹಚ್ಚಿದರು. "ಹೌದಲ್ಲ! ಜೋಡಿ ಇಲ್ಲದ್ದಕ್ಕ ಜೋಡಿ ಕತ್ತರಿಸಿದ್ರಾತು." ಆಮೇಲೆ ಮುಖ ಸಣ್ಣದಾಯಿತು. "ಆದ್ರ ತಮ್ಮಾ, ಎಲ್ಲಕ್ಕಿಂತ ಉದ್ದಂದು ಒಂದೇ ಒಂದಿತ್ತು. ಅದಕ್ಕ ಜೋಡಿ ಇಲ್ಲ. ಅದೇ ಇಲ್ಲಂದ್ರ ಹಬ್ ಎಷ್ಟು ಸರಿಸಬೇಕು ಅಂತ ಹ್ಯಾಂಗ ತಿಳೀಬೇಕು? ಮುಂಜಾನಿ ಕುರಿಹಟ್ಟಿ ಮುದುಕಿ ಒಯ್ದಾಳ. ಕದಿರಿಗೆ ಉದ್ದಂದೇ ಬೇಕು ಅಂದ್ಳು."

ಕುರಿಹಟ್ಟಿ ಊರ ಹೊರಗೆ. ಬಾಡಿಗೆ ಸೈಕಲ್ಲುಗಳ ಮೇಲೆ ಹೋದೆವು. ಮುದುಕಿ ಗುಡಿಸಲ ಮುಂದೆ ನಿಂತು ನೂಲುತ್ತಿದ್ದಳು. ನಮ್ಮ ಕಡ್ಡಿ ಅವಳ ಕದಿರಾಗಿ ಗಿರಗಿರ ತಿರುಗುತ್ತಿತ್ತು. ಅದರ ತುಂಬ ಕರಿ ಉಣ್ಣೆಯ ನೂಲು ಸುತ್ತಿತ್ತು.

"ತುಂಬಿದ ಕದಿರು ನಡುವ ಖಾಲಿ ಮಾಡಬಾರದು," ಎಂದಳು. "ನೂಲು ಸಿಕ್ಕಾಗತದ. ನಾಳೆ ಬರ್ರಿ."

"ನಾಳೆ ಆಗಂಗಿಲ್ಲ ಆಯಿ. ಏನು ಬೇಕು ಕೇಳು."

"ನನಗೇನು ಬೇಕು? ನಿಮಗ ಏನು ಬೇಕದ ಈ ಕಡ್ಡ್ಯಾಗ? ಬಂಗಾರದ್ದದೇನು?"

"ಇದರ ಉದ್ದ ಬೇಕಾಗ್ಯದ," ಎಂದರು ಭಾವ.

ಮುದುಕಿ ನೂಲುವುದನ್ನು ನಿಲ್ಲಿಸಿದಳು. ಕುರಿಗಳಿಗೆ ಹಾಕಿದ್ದ ಜೋಳದ ದಂಟಿನಲ್ಲಿ ಒಂದನ್ನು ಹಿರಿದು, ಕದಿರಿನ ಪಕ್ಕ ಹಿಡಿದು, ಮೇಲೆ ಕೆಳಗೆ ಉಗುರಿನಿಂದ ಗುರುತು ಹಾಕಿ ಮುರಿದುಕೊಟ್ಟಳು. "ತಗೋರಿ ಉದ್ದ. ಕಡ್ಡಿ ನನಗಿರಲಿ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಳತೆ ಸಾಕಾಗಿತ್ತು, ಕಡ್ಡಿ ಬೇಕಿರಲಿಲ್ಲ. ಚಾಚಾನ ಸಿಗಡಿಯ ಮುಂದೆಯೂ ಒಂದು ದಂಟು ಹಿಡಿದು ನಿಂತಿದ್ದರೆ ರಮಜಾನ್ ತನಕದ ಶುಕ್ರವಾರಗಳೆಲ್ಲ ನನ್ನವೇ ಆಗಿರುತ್ತಿದ್ದವು. ಯಾವುದನ್ನೇ ಚೌಕಾಸಿ ಮಾಡುವ ಮೊದಲು ನಿಮಗೆ ನಿಜಕ್ಕೂ ಬೇಕಾದದ್ದು ವಸ್ತುವೋ, ವಸ್ತುವಿನೊಳಗಿನ ಒಂದು ಗುಣವೋ ಕೇಳಿಕೊಳ್ಳಿರಿ. ಈ ಬುದ್ಧಿಗೆ ನಾನು ಬೆಲೆ ಕೊಟ್ಟಿದ್ದೇನೆ, ನಿಮಗೆ ಪುಕ್ಕಟೆ.

ಅಂಗಡಿಗೆ ಮರಳಿದಾಗ ಇನ್ನೊಂದು ತೊಡಕು. ಭಾವ ಹೊಸ ಕಡ್ಡಿ ಕತ್ತರಿಸಿದರು, ತುದಿಗೆ ತಿರುಪಿನ ಮರೆ ಕೊರೆದರು, ಎಲ್ಲವನ್ನೂ ಸಾಲಾಗಿ ಇಟ್ಟರು. ಗಾಲಿ ಕೈಗೆತ್ತಿಕೊಂಡವರು ಹಾಗೆಯೇ ಕುಳಿತರು.

"ನನ್ನ ಕೈಲೆ ಆಗಂಗಿಲ್ಲ ತಮ್ಮಾ. ಇಷ್ಟು ವರ್ಷ ನೆಟ್ಟಗ ಮಾಡಿದ ಕೈ ಇದು. ನಾಳೆ ಯಾರರೇ ನೋಡಿ, ವಾಡಿ ಮಿಸ್ತ್ರಿ ಹೆಣೆದ ಗಾಲಿ ಇದು ಅಂದ್ರ?"

"ಅನ್ನಲಿ. ಗಿರಾಕಿಗೆ ಕುಂಟೋ ಗಾಲಿ ಬೇಕು. ಅದು ಕುಂಟಲಿಲ್ಲಂದ್ರ ಕೆಲಸ ಕೆಟ್ಟದ ಅಂತ ಅರ್ಥ."

"ನೀ ಮಾತಿನ್ಯಾಗ ಗೆಲ್ತಿ. ಗಾಲಿ ಮಾತು ಕೇಳಂಗಿಲ್ಲ."

ಆಗ ಜೋಕರ ಎದ್ದು ಬಂದು ಅವರ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಮಿಸ್ತ್ರಿಗಳ, ನಾ ದಿನಾ ಬೀಳತೀನಿ. ಬೀಳೂದು ಬಂದಿಲ್ಲಂತ ಬೀಳತೀನೇನ್ರಿ? ಅಲ್ಲೇ, ಅಷ್ಟೇ, ಆಗಲೇ ಬೀಳಬೇಕು. ಒಂದೀಟು ಹಿಂದ ಮುಂದ ಆದ್ರ ನಗಿ ಇಲ್ಲ, ಎಲುಬು ಮುರೀತೈತಿ. ನೀವೂ ಅಷ್ಟೇ ಮಾಡ್ರಿ. ಎಷ್ಟು ತಪ್ಪಬೇಕೋ ಅಷ್ಟೇ ತಪ್ಪಿಸ್ರಿ."

ಭಾವ ಗಾಲಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಜೋಳದ ದಂಟನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು. ಮೊದಲನೆಯ ಕಡ್ಡಿ ಏರಿಸಿದರು. ಆಮೇಲೆ ಅವರು ಊಟಕ್ಕೂ ಏಳಲಿಲ್ಲ, ನಾನೂ ಕರೆಯಲಿಲ್ಲ. ಅಕ್ಕ ರೊಟ್ಟಿ ಬುತ್ತಿ ಕಳಿಸಿದ್ದಳು. ಒಂದು ರೊಟ್ಟಿಯನ್ನು ಸುರುಳಿ ಮಾಡಿ ನಾನೇ ಅವರ ಬಾಯಿಗೆ ಹಿಡಿದೆ. ಬಿಗಿಯುವುದು, ತಿರುಗಿಸುವುದು, ದಂಟು ಹಿಡಿದು ನೋಡುವುದು, ಬಿಚ್ಚುವುದು, ಮತ್ತೆ ಬಿಗಿಯುವುದು. ನೆಟ್ಟಗಿನ ಗಾಲಿಗೆ ಅವರು ಇಷ್ಟು ಬೆವರಿದ್ದನ್ನು ನಾನು ನೋಡಿರಲಿಲ್ಲ.

ಗಾಲಿ ಕೂಡಿಸಿದ ಕೂಡಲೇ ಜೋಕರ ಏರಿದ. ಬೇವಿನ ಗಿಡದ ಅರ್ಧ ಸುತ್ತಿನಲ್ಲೇ ಅವನನ್ನು ಅದು ಎತ್ತಿ ಒಗೆಯಿತು. ಮೊಣಕೈ ತರಚಿ ರಕ್ತ ಬಂತು. ಹಳೆಯ ಕಡ್ಡಿಗಳು ಕಾಲಾಂತರದಲ್ಲಿ ಸಡಿಲಾಗಿದ್ದವು, ಈಗಿನವು ಬಿಗಿ. ಹಾಗಾಗಿ ಏಟು ಮೊದಲಿಗಿಂತ ಚುರುಕು. ಭಾವ ಚಾವಿ ಹಿಡಿದು ಓಡಿದರು. ಜೋಕರ ಕೈ ಅಡ್ಡ ಹಿಡಿದ.

"ಬ್ಯಾಡ್ರಿ. ಅಳತಿ ಅದೇ ಐತಿ. ಗಾಲಿ ಇನ್ನ ನನ್ನನ್ನ ತಿದ್ದಲಿ." ಮತ್ತೆ ಏರಿದ. ಮತ್ತೆ ಬಿದ್ದ. ಗಾಡಿಯ ಗಂಟೆ ಆಗುವವರೆಗೂ ಏರುತ್ತ ಬೀಳುತ್ತ ಗಿಡ ಸುತ್ತಿದ. ಕಡ್ಡಿಗಳ ಜಿಡ್ಡು ಒರೆಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಸ್ಟೇಶನ್ನಿನ ನಾಯಿಗಳೆಲ್ಲ ಬಂದು ಬೇವಿನ ನೆರಳಲ್ಲಿ ಮೂಗು ಅರಳಿಸಿಕೊಂಡು ಕುಳಿತಿದ್ದನ್ನು ನಾನು ನೋಡಿದೆ, ಅದರ ಅರ್ಥ ಮಾತ್ರ ಹೊಳೆಯಲಿಲ್ಲ.

ನಾವಿಬ್ಬರೂ ಅದೇ ಗಾಡಿ ಹತ್ತಿದೆವು. ಗಾಲಿಗೆ ಏನಾದರೂ ಬೇಕಾದೀತೆಂದು ಭಾವ ಹೊರಟರು. ಅವರು ಮನಸ್ಸು ತಡೆಯದೆ ಅದನ್ನು ಮತ್ತೆ ನೆಟ್ಟಗೆ ಮಾಡಿಯಾರೆಂದು ನಾನು ಹೊರಟೆ. ಮಳಖೇಡ ದಾಟುವಾಗ ಜೋಕರ ಕಣ್ಣು ಮುಚ್ಚಿ ಬೆಂಚಿನ ಮೇಲೆ ಸೊಂಟ ಎತ್ತಿ ಇಳಿಸಿ ಲೆಕ್ಕ ಹಿಡಿಯುತ್ತಿದ್ದ. ಎದುರಿಗೆ ಕುಳಿತ ಹೆಂಗಸು ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ಮರುದಿನ ಇಳಿಹೊತ್ತಿನ ಆಟ. ಸೇಡಂ ಸ್ಟೇಶನ್ನಿನ ಆಚೆ ತೊಗರಿ ಕೊಯ್ದ ಹೊಲದಲ್ಲಿ ತಂಬೂ. ಕಾಳಗಿ ಕಡೆಯಿಂದ, ಚಿಂಚೋಳಿ ದಾರಿಯ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದ ಮಂದಿ ಹಲಗೆಗಳ ಮೇಲೆ ತುಂಬಿದ್ದರು. ಪರದೆಯ ಪಕ್ಕ ಸೇಠ್ ಕೈಕಟ್ಟಿ ನಿಂತಿದ್ದ. ಎತ್ತರದ ಸೈಕಲ್ಲು ಬಂತು, ಗಿಡ್ಡ ಸೈಕಲ್ಲು ಬಂತು, ನಗು ಸಾಧಾರಣ. ಆಮೇಲೆ ಕುಂಟು ಸೈಕಲ್ಲು.

ಮೊದಲ ಸುತ್ತಿನಲ್ಲಿ ಟೊಪ್ಪಿಗೆ ಹಾರಿತು, ತಲೆಯ ಮೇಲೆ ಕೂಡಲಿಲ್ಲ. ಹೆಗಲಿಗೆ ಬಡಿದು ಮಣ್ಣಿಗೆ ಬಿತ್ತು. ಎರಡನೆಯ ಸುತ್ತಿನಲ್ಲಿ ಅವನೇ ಬಿದ್ದ, ಬೀಳಬೇಕಾದದ್ದಕ್ಕಿಂತ ಮೊದಲು. ಯಾರೂ ನಗಲಿಲ್ಲ. ಯಾರೋ, "ಪಾಪ, ಪೆಟ್ಟಾತು," ಎಂದರು. ಜೋಕರನಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ. ಸೇಠ್ ಪರದೆಯ ಕಡೆ ತಿರುಗಿದ. ಭಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

ಜೋಕರ ಎದ್ದ, ಮಣ್ಣು ಕೊಡವಲಿಲ್ಲ, ಮತ್ತೆ ಏರಿದ. ಆಗ ಪರದೆಯ ಕೆಳಗಿನಿಂದ ಒಂದು ಸಣ್ಣ ಬಿಳಿ ನಾಯಿ ಹೊರಬಂತು. ನಾಯಿಗಳ ಆಟದ್ದು, ಹಗ್ಗ ಬಿಚ್ಚಿಕೊಂಡಿತ್ತು. ಮೂಗು ಎತ್ತಿ ಗಾಳಿ ಹಿಡಿದು ನೇರವಾಗಿ ಹಿಂದಿನ ಗಾಲಿಗೆ ಬಂತು. ಚಾಚಾನ ಖೀಮಾ! ಗಾಲಿ ಏಳುವಾಗ ನಾಯಿಯ ಮೂಗು ಎದ್ದಿತು, ಕುಸಿಯುವಾಗ ಕುಸಿಯಿತು. ಜೋಕರ ತಿರುಗಿ ನೋಡಿದ. ಅದು ಆಟದಲ್ಲಿ ಇಲ್ಲದ್ದು, ಒದ್ದು ಓಡಿಸಬಹುದಿತ್ತು. ಅವನು ಜೋರಾಗಿ ತುಳಿದ. ನಾಯಿಯೂ ಕುಂಟುತ್ತ ಜೋರಾಗಿ ಓಡಿತು. ಮೇಲಿನ ಹಲಗೆಯಿಂದ ಒಂದು ನಗು ಒಡೆಯಿತು, ಆಮೇಲೆ ಎಲ್ಲ ಕಡೆಯಿಂದ. ಅವನು ಇಳಿದ. ಗಾಲಿಯನ್ನು ಮೂಸಿದ. ಕಣ್ಣರಳಿಸಿದ. ಕೊರಳಿಗೆ ಅರಿವೆ ಕಟ್ಟಿಕೊಂಡು, ಇಲ್ಲದ ಉಪ್ಪು ಚಿಮುಕಿಸಿ, ಒಂದು ಕಡ್ಡಿಗೆ ಬಾಯಿ ಹಾಕಿದ. ನಾಯಿ ಇನ್ನೊಂದಕ್ಕೆ ಹಾಕಿತು. ಇಬ್ಬರ ಜಗಳ ಶುರುವಾಯಿತು. ಆ ಹೊತ್ತಿಗೆ ಅವನ ಸೊಂಟವೂ ಗಾಲಿಯ ಹದ ಹಿಡಿದಿತ್ತು. ಕೊನೆಯ ಸುತ್ತಿನಲ್ಲಿ ಟೊಪ್ಪಿಗೆ ಹಾರಿ ಬಂದು ತಲೆಯ ಮೇಲೆ ಕೂಡುವುದಕ್ಕೂ ಅವನು ಬೀಳುವುದಕ್ಕೂ ಸರಿಹೋಯಿತು. ನಾಯಿ ಅವನ ಎದೆಯ ಮೇಲೆ ಕುಳಿತಿತು.

ತಂಬೂ ತಂಬೂವೇ ನಕ್ಕಿತು. ನಗದವರು ಒಬ್ಬರೇ: ನಮ್ಮ ಭಾವ. ಗಾಲಿ ಕುಸಿದಾಗೊಮ್ಮೆ ಅವರು ಹಲ್ಲು ಕಡಿಯುವುದು ನನಗೆ ಕೇಳಿಸುತ್ತಿತ್ತು. ಜೇಬಿನೊಳಗೆ ಕೈ ಚಾವಿಯನ್ನು ಹಿಡಿದಿತ್ತು.

ಆಟ ಮುಗಿದ ಮೇಲೆ ಪರದೆಯ ಹಿಂದೆ ಹೋದೆವು. ಸೇಠ್ ನಾಯಿಯನ್ನು ಹಗ್ಗ ಸಮೇತ ಎತ್ತಿಕೊಂಡಿದ್ದ.

"ಇದನ್ನ ಯಾರು ಬಿಟ್ರು?"

ನಾಯಿ ಆಡಿಸುವವನು ಕಂಬದ ಹಿಂದೆ ಸರಿದ.

"ನಾಳೆನೂ ಬಿಡ್ರಿ," ಎಂದ ಸೇಠ್. ಆಮೇಲೆ ಕಂಬದ ಗುಂಪಿನ ಮುಖಂಡನಿಗೆ, "ಇವ ನಿಮ್ಮ ಕಡೆ ಬರಂಗಿಲ್ಲ, ಬ್ಯಾರೆ ಮನಷ್ಯಾನ್ನ ನೋಡ್ಕೋರಿ," ಎಂದು ಹೇಳಿ ಹೋದ.

ಜೋಕರ ನಮ್ಮ ಕಾಲಿಗೆ ಬಗ್ಗಿದ, ನಾನು ತಡೆದೆ. ಸೇಡಂ ಆದ ಮೇಲೆ ಕಂಪನಿ ಬಂಡಿಯ ಮೇಲೆ ಚಿಂಚೋಳಿಗೆ ಹೋಗುವುದಿತ್ತು. ಅಲ್ಲಿಯ ತನಕ ಕಡ್ಡಿಯ ವಾಸನೆ ಉಳಿಯುತ್ತದೋ ಇಲ್ಲವೋ ಎಂದು ಕೇಳಿದ. ಸಿಗಡಿ ಇಲ್ಲದ ಊರಿಲ್ಲ, ಆಟಕ್ಕೆ ಮೊದಲು ಒಂದೀಟು ಕೊಬ್ಬು ಸವರಿರಿ, ಆದರೆ ಯಾತಕ್ಕೆ ಬೇಕೆಂದು ಯಾರಿಗೂ ಹೇಳಬೇಡಿರಿ, ಹೇಳಿದಿರೋ ಶುಕ್ರವಾರ ಹೋಯಿತು ಎಂದೆ. ಜೋಳದ ದಂಟನ್ನು ಅವನು ಭಾವನ ಕಿವಿಯಿಂದ ತೆಗೆದು, ಅರಿವೆಯಲ್ಲಿ ಸುತ್ತಿ ಸೀಟಿನ ಕೆಳಗೆ ಕಟ್ಟಿಕೊಂಡ.

ಅಷ್ಟರಲ್ಲಿ ಭಾವ ಸೈಕಲ್ಲಿನ ಮುಂದೆ ಕುಳಿತೇ ಬಿಟ್ಟಿದ್ದರು. ಕೈಯಲ್ಲಿ ಚಾವಿ. ನಾನು ಓಡಿದೆ.

"ಭಾವಾ, ಕೈ ತೆಗೀರಿ!"

ಅವರು ಚಾವಿ ಹಚ್ಚಿರಲಿಲ್ಲ. ಬೆರಳೊಂದನ್ನು ಗಾಲಿಯ ಅಂಚಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದರು. ಅಂಚು ಬೆರಳಿಗೆ ತಾಗಿತು, ದೂರ ಹೋಯಿತು, ಮತ್ತೆ ಅದೇ ಜಾಗಕ್ಕೆ ಬಂದು ತಾಗಿತು. ಅಷ್ಟು ಬಿದ್ದ ಮೇಲೂ ಒಂದು ಕಡ್ಡಿ ಸಡಿಲಾಗಿರಲಿಲ್ಲ.

"ಗದ್ದಲ ಮಾಡಬ್ಯಾಡ ತಮ್ಮಾ," ಎಂದರು, ಕಣ್ಣು ಗಾಲಿಯಿಂದ ತೆಗೆಯದೆ. "ಪ್ರತೀ ಸುತ್ತಿಗೂ ಅಲ್ಲೇ ಕುಂಟ್ಲಿಕತ್ತದ. ನೋಡು, ಒಂದು ಕೂದಲಿನಷ್ಟೂ ಫರಕ್ ಇಲ್ಲ."